ಮೇಲಿನ ಮನೆಯ ಪಂಪು

ನಮ್ಮ ನೀರು ಸರಬರಾಜು ಕಚೇರಿಯಲ್ಲಿ ನನ್ನನ್ನು ಹೆಸರು ಹಿಡಿದು ಕರೆಯುವವರು ಯಾರೂ ಇಲ್ಲ. ಎಲ್ಲರಿಗೂ ನಾನು ಕಿವಿಯಣ್ಣ. ನೆಲದಡಿಯ ಪೈಪು ಎಲ್ಲಿ ಸೋರುತ್ತಿದೆ ಎಂದು ಕೇಳಿ ಹೇಳುವುದು ನನ್ನ ಕೆಲಸ. ಒಂದು ಉದ್ದನೆಯ ಉಕ್ಕಿನ ಕೋಲು, ಅದರ ಮೇಲ್ತುದಿಗೆ ಕಿವಿಗೊತ್ತಿಕೊಳ್ಳಲು ಮರದ ಬಟ್ಟಲು, ಇಷ್ಟೇ ನನ್ನ ಸಾಮಾನು. ಕೋಲನ್ನು ವಾಲ್ವಿನ ಮೇಲೋ ರಸ್ತೆಯ ಮೇಲೋ ಊರಿ ಕಿವಿಗೊಟ್ಟರೆ ಕೆಳಗೆ ನೀರು ಏನು ಮಾಡುತ್ತಿದೆ ಎಂದು ಗೊತ್ತಾಗುತ್ತದೆ. ಇಪ್ಪತ್ತಾರು ವರ್ಷ ಇದನ್ನೇ ಮಾಡಿ ನನಗೆ ಒಂದು ವಿಷಯ ಮನದಟ್ಟಾಗಿತ್ತು: ಮನುಷ್ಯರು ಸುಳ್ಳು ಹೇಳುತ್ತಾರೆ, ಶಬ್ದ ಹೇಳುವುದಿಲ್ಲ. "ನಮ್ಮನೇಲಿ ಏನೂ ಇಲ್ಲ ಸಾರ್" ಎಂದು ಬಾಗಿಲಿಗೆ ಅಡ್ಡ ನಿಂತವರ ಅಂಗಳ ಅಗೆಸಿ ಕಳ್ಳ ಪೈಪು ಎಳೆದು ತೋರಿಸಿದ್ದು ಒಂದೆರಡು ಸಲವಲ್ಲ. ಅನುಮಾನ ನನಗೆ ಕಸುಬು. ಮನೆಯವರು ಮಾತ್ರ ಅದನ್ನು ಚಟ ಎನ್ನುತ್ತಾರೆ.

ಮನೆ ಎಂದರೆ ಎರಡು ಅಂತಸ್ತು. ಕೆಳಗೆ ನಾನು, ನನ್ನ ಹೆಂಡತಿ; ಮೇಲೆ ನನ್ನ ತಂಗಿ ಒಬ್ಬಳೇ. ಗಂಡ ತೀರಿಕೊಂಡ ಮೇಲೆ ಒಂಬತ್ತು ವರ್ಷದಿಂದ ಅಲ್ಲಿದ್ದಳು. ನೂಲಿಗೆ ಬಣ್ಣ ಹಾಕಿ ನೇಯುವವರಿಗೆ ಕೊಡುವುದು ಅವಳ ಕೆಲಸ. ಉಗುರಿನ ಸಂದಿಯಲ್ಲಿ ನೀಲಿಯೋ ಕೆಂಪೋ ಯಾವಾಗಲೂ ಇರುತ್ತಿತ್ತು. ಬಣ್ಣದ ಕೆಲಸಕ್ಕೆ ನೀರು ಬಹಳ ಬೇಕು. ಓದುವವರು ಇದನ್ನು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ನಾನೂ ಅದನ್ನೇ ನೆನಪಿಟ್ಟುಕೊಂಡೆ.

ಶಬ್ದ ಮೊದಲು ಕೇಳಿಸಿದ್ದು ಒಂದು ರಜೆಯ ಮಧ್ಯಾಹ್ನ. ಊಟ ಮಾಡಿ ಅಡ್ಡಾಗಿದ್ದೆ. ಬೀದಿ ಖಾಲಿ. ಎಲ್ಲಿಂದಲೋ ಷುಯ್, ಷುಯ್, ಷುಯ್ ಎಂದು ತೆಳ್ಳಗೆ, ಒಂದೇ ಲಯದಲ್ಲಿ ಬರುತ್ತಿತ್ತು. ಸಣ್ಣ ಪಂಪು ಬಿಗಿದ ಪೈಪಿನಿಂದ ನೀರೆಳೆಯುವಾಗ ಇದೇ ಸದ್ದು. ಹೆಂಡತಿಯನ್ನು ಕರೆದೆ.

"ಪಂಪು ಓಡ್ತಾ ಇದೆ, ಕೇಳಿಸ್ತಾ?"

ಅವಳು ಕತ್ತು ಓರೆ ಮಾಡಿ ಸ್ವಲ್ಪ ಹೊತ್ತು ನಿಂತಳು. "ನನಗೇನೂ ಕೇಳಿಸ್ತಿಲ್ಲರೀ. ನಿಮ್ಮ ಕಿವಿಗೆ ಇರುವೆ ನಡೆದ್ರೂ ಕೇಳಿಸತ್ತೆ."

ಹೊಗಳಿದಳು ಎಂದುಕೊಂಡೆ. ನಮ್ಮ ಬೀದಿಯಲ್ಲಿ ನೀರಿನ ಒತ್ತಡ ಮೊದಲೇ ಕಡಿಮೆ. ಯಾರಾದರೂ ಲೈನಿಗೇ ಪಂಪು ಜೋಡಿಸಿ ಎಳೆದರೆ ಉಳಿದವರ ನಲ್ಲಿಯಲ್ಲಿ ಗಾಳಿ ಬರುತ್ತದೆ. ಅದು ಅಪರಾಧ, ಸಿಕ್ಕಿಬಿದ್ದರೆ ಸಂಪರ್ಕ ಕಡಿಯುತ್ತೇವೆ. ಗಡಿಯಾರ ಹಿಡಿದು ಎಣಿಸಿದೆ: ನಿಮಿಷಕ್ಕೆ ಎಪ್ಪತ್ತೆಂಟು. ಎದ್ದು ಮೆಟ್ಟಿಲು ಹತ್ತಿದೆ. ಹದಿನಾರು ಮೆಟ್ಟಿಲು ಮುಗಿಯುವಷ್ಟರಲ್ಲಿ ಶಬ್ದ ಜೋರಾಗಿ ನೂರು ದಾಟಿತು. ನನ್ನ ಹೆಜ್ಜೆ ಕೇಳಿ ಬೇಗ ಬೇಗ ಎಳೆದುಕೊಳ್ಳುತ್ತಿದ್ದಾಳೆ ಎಂದು ತೀರ್ಮಾನಿಸಿದೆ.

ತಂಗಿ ಬಾಗಿಲು ತೆಗೆದಳು. ಹಿಂದೆ ಹಗ್ಗದ ಮೇಲೆ ಹಸಿರು ನೂಲು ಒಣಗುತ್ತಿತ್ತು.

"ಏನಣ್ಣ, ಹೀಗೆ ಏದುಸಿರು ಬಿಡ್ತಿದ್ದೀಯ?"

"ಪಂಪು ಎಲ್ಲಿಟ್ಟಿದ್ದೀಯ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ಅವಳು ಹೆಗಲು ಮುಟ್ಟಿಕೊಳ್ಳಲಿಲ್ಲ, ನಕ್ಕಳು. ಹೆಗಲು ಮುಟ್ಟಿಕೊಳ್ಳದ ಕಳ್ಳರು ಇನ್ನೂ ಪಳಗಿದವರು ಎಂದುಕೊಂಡು ಇಳಿದು ಬಂದೆ.

ನಮ್ಮಲ್ಲಿ ಸೋರಿಕೆ ಹಿಡಿಯುವ ಕ್ರಮ ಸುಲಭ. ಒಂದೊಂದೇ ವಾಲ್ವು ಮುಚ್ಚುತ್ತಾ ಹೋಗಬೇಕು. ಯಾವುದನ್ನು ಮುಚ್ಚಿದಾಗ ಶಬ್ದ ನಿಲ್ಲುತ್ತದೋ ಆ ಲೈನಿನಲ್ಲಿ ಸೋರಿಕೆ. ತಂಗಿ ಮನೆಯಲ್ಲಿಲ್ಲದ ಹೊತ್ತು ನೋಡಿ ಮೇಲಿನ ಮನೆಯ ವಾಲ್ವು ಮುಚ್ಚಿದೆ. ಶಬ್ದ ನಿಲ್ಲಲಿಲ್ಲ. ನಮ್ಮದನ್ನೂ ಮುಚ್ಚಿದೆ. ನಿಲ್ಲಲಿಲ್ಲ. ಬೀದಿಯ ಮುಖ್ಯ ವಾಲ್ವನ್ನೇ ಮುಚ್ಚಿದೆ, ಇಡೀ ಬೀದಿ ನನಗೆ ಶಾಪ ಹಾಕಿತು, ಶಬ್ದ ಮಾತ್ರ ಹಾಗೇ ಇತ್ತು. ಬೇರೆಯವನಾಗಿದ್ದರೆ ಶಬ್ದದ ಮೇಲೆ ಅನುಮಾನ ಪಡುತ್ತಿದ್ದ. ನಾನು ತಂಗಿಯ ಮೇಲೆ ಇನ್ನಷ್ಟು ಅನುಮಾನ ಪಟ್ಟೆ. ಹಿಂದಿನ ಬೀದಿಯ ಲೈನಿನಿಂದ ಇನ್ನೊಂದು ಪೈಪು ಕದ್ದು ಎಳೆದಿದ್ದಾಳೆ, ಪಂಪು ಅದಕ್ಕೆ ಜೋಡಿಸಿದ್ದಾಳೆ, ತಾನು ಹೊರಗೆ ಹೋದಾಗಲೂ ಓಡಲು ಬಿಟ್ಟಿದ್ದಾಳೆ.

ಇದೇ ದಿನಗಳಲ್ಲಿ ನನ್ನ ಎಡಗಣ್ಣು ಕೆಂಪಾಯಿತು. ನೋವಿಲ್ಲ, ಪಿಸುರಿಲ್ಲ, ಬರೀ ಕೆಂಪು. ಔಷಧಿ ಅಂಗಡಿಯವನು ಒಂದು ಹನಿ ಕೊಟ್ಟ, ಹದಿನೈದು ದಿನ ಹಾಕಿದೆ. ಚಿಕ್ಕ ಕ್ಲಿನಿಕ್ಕಿನ ಡಾಕ್ಟರು ಧೂಳಿನ ಅಲರ್ಜಿ ಎಂದು ಇನ್ನೊಂದು ಹನಿ ಬರೆದರು. ಮೂರನೆಯವರು ಥೈರಾಯ್ಡ್ ಇರಬಹುದು ಎಂದು ರಕ್ತ ಪರೀಕ್ಷೆ ಮಾಡಿಸಿದರು, ಅದೂ ಸರಿಯಾಗಿತ್ತು. ಹೆಂಡತಿಗೆ ಅವಳದೇ ಅನುಮಾನ.

"ಕೆಲಸ ಮುಗಿಸಿ ನೇರ ಮನೆಗೆ ಬರ್ತಿದ್ದೀರೋ, ಇಲ್ಲ ದಾರೀಲಿ ಎಲ್ಲಾದ್ರೂ ಕೂತು ಬರ್ತಿದ್ದೀರೋ?"

"ಕುಡಿದಿದ್ರೆ ಎರಡೂ ಕಣ್ಣು ಕೆಂಪಾಗ್ಬೇಕಿತ್ತು ಕಣೇ. ಒಂದೇ ಕಣ್ಣಲ್ಲಿ ಕುಡಿಯೋಕಾಗತ್ತಾ?"

ಕಚೇರಿಯಲ್ಲೂ ಏನೋ ಕೆಟ್ಟಿತು. ನಾನು ಕೋಲು ಊರಿ ತೋರಿಸಿದ ಮೂರು ಜಾಗ ಅಗೆದರು, ಮೂರರಲ್ಲೂ ಒಣ ಮಣ್ಣು. ಅಗೆಯುವವರು ಎರಡಡಿ ಆಚೆ ಅಗೆದಿದ್ದಾರೆ ಎಂದು ಜಗಳವಾಡಿದೆ. ಬೇಕೆಂದೇ ಹೀಗೆ ಮಾಡಿ ನನ್ನ ಹೆಸರು ಕೆಡಿಸುತ್ತಿದ್ದಾರೆ ಎಂದೂ ಅನ್ನಿಸಿತು. ಆ ತಿಂಗಳಲ್ಲಿ ನನ್ನ ಅನುಮಾನದಿಂದ ಹೊರಗುಳಿದವನು ನಾನೊಬ್ಬನೇ.

ಕೊನೆಗೆ ಒಂದು ಬೆಳಿಗ್ಗೆ ಉಳಿ, ಸುತ್ತಿಗೆ ತೆಗೆದುಕೊಂಡು ಮೇಲೆ ಹೋದೆ. ತಂಗಿ ನೋಡುತ್ತಿದ್ದ ಹಾಗೆ ಅವಳ ಬಚ್ಚಲ ನೆಲದ ಆರು ಹಾಸುಬಿಲ್ಲೆ ಒಡೆದೆ. ಮರಳು ಬಂತು, ಇಟ್ಟಿಗೆ ಚೂರು ಬಂತು, ಪೈಪು ಬರಲಿಲ್ಲ. ಏನೂ ಸಿಗದೇ ಇದ್ದದ್ದೇ ಅವಳ ಜಾಣತನಕ್ಕೆ ಸಾಕ್ಷಿ ಎನ್ನಿಸಿತು. ಕಚೇರಿಗೆ ಹೋಗಿ ನನ್ನ ಕೈಯಾರೆ ವರದಿ ಬರೆದೆ. ಕಿವಿಯಣ್ಣ ಸ್ವಂತ ತಂಗಿಯ ಮೇಲೆ ಬರೆದಿದ್ದಾನೆಂದರೆ ನಿಜವೇ ಇರಬೇಕು ಎಂದು ಯಾರೂ ತನಿಖೆಗೂ ಬರಲಿಲ್ಲ. ಮರುದಿನ ಅವಳ ನೀರಿನ ಸಂಪರ್ಕ ಕಡಿದರು.

ಅವತ್ತು ಸಂಜೆ ತಂಗಿ ಕೆಳಗೆ ಬಂದಳು. ಕೂರಲಿಲ್ಲ. ಹೆಂಡತಿ ಬಾಗಿಲ ಹತ್ತಿರ ನಿಂತಿದ್ದಳು.

"ಅಣ್ಣ, ನೀರಿನ ವಿಷಯ ಮಾತಾಡೋಕೆ ಬಂದಿಲ್ಲ. ಬೀದಿ ಕೊನೇಲಿ ನಲ್ಲಿ ಇದೆ, ಹೊತ್ಕೊಂಡು ಬರ್ತೀನಿ. ಒಂದು ತಿಂಗಳು ಕಾಯ್ತೀನಿ. ಅಷ್ಟರಲ್ಲಿ ನನ್ನ ಹತ್ತಿರ ಬಂದು 'ನೀನು ಕಳ್ಳಿ ಅಲ್ಲ' ಅಂತ ಒಂದು ಮಾತು ಹೇಳು. ನಿನ್ನ ಶಬ್ದ ಎಲ್ಲಿಂದ ಬರತ್ತೆ ಅಂತ ಸಿಗಲಿ, ಸಿಗದೇ ಇರಲಿ. ಹೇಳದಿದ್ರೆ ನಾನು ಈ ಮನೇಲಿ ಇರಲ್ಲ."

"ಸಾಕ್ಷಿ ಇಲ್ಲದೆ ಹೇಗೆ ಹೇಳ್ಲಿ?"

"ಕಳ್ಳಿ ಅನ್ನೋಕೆ ಯಾವ ಸಾಕ್ಷಿ ಇತ್ತು?" ಎಂದು ಹೇಳಿ ಹೊರಟುಹೋದಳು.

"ಇರೋದೊಬ್ಬಳು ತಂಗಿ. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲರೀ" ಎಂದಳು ಹೆಂಡತಿ. ತಲೆಯೊಳಗೆ ಷುಯ್ ಷುಯ್ ಎನ್ನುತ್ತಿದ್ದರೆ ಯಾರ ಮಾತು ಕೇಳುತ್ತದೆ?

ಎರಡು ವಾರ ಹೀಗೇ ಹೋಯಿತು. ಕಣ್ಣು ಮುಂದಕ್ಕೆ ಉಬ್ಬಿತು. ಎಡಕ್ಕೆ ತಿರುಗಿ ನೋಡಿದರೆ ಎಲ್ಲವೂ ಎರಡೆರಡು: ಎರಡು ಬಸ್ಸು, ಎರಡು ಕಂಬ, ಹೆಂಡತಿಯರೂ ಇಬ್ಬರು. ಒಬ್ಬಳ ಬಾಯಿಗೇ ಸಾಕಾಗಿದ್ದವನು ನಾನು. ಅವಳು ನನ್ನ ಕೈ ಹಿಡಿದು ದೊಡ್ಡ ಕಣ್ಣಾಸ್ಪತ್ರೆಗೆ ಎಳೆದುಕೊಂಡು ಹೋದಳು.

ಅಲ್ಲಿನ ಕಣ್ಣಿನ ಡಾಕ್ಟರು ಐವತ್ತರ ಆಸುಪಾಸಿನ ಹೆಂಗಸು. ಗಲ್ಲವನ್ನು ಯಂತ್ರದ ಮೇಲಿಡಿಸಿ, ಬೆಳಕು ಬಿಟ್ಟು, ಬಹಳ ಹೊತ್ತು ನೋಡಿದರು. ಕಣ್ಣಿನ ಒತ್ತಡ ಅಳೆದರು.

"ಬಲಗಣ್ಣು ಹದಿನಾರು, ಎಡಗಣ್ಣು ಮೂವತ್ತನಾಲ್ಕು. ಇಪ್ಪತ್ತೊಂದು ದಾಟಬಾರದು. ಇದು ಸಾಮಾನ್ಯ ಕೆಂಪಲ್ಲ. ಬಿಳಿ ಗುಡ್ಡೆ ಮೇಲಿನ ರಕ್ತನಾಳ ತಿರುಪಿನ ಹಾಗೆ ಸುತ್ತಿಕೊಂಡಿದೆ, ಕಪ್ಪಿನ ಅಂಚಿನ ತನಕ ಬಂದಿದೆ." ಆಮೇಲೆ ಬೆಳಕು ಆರಿಸಿ ಕೇಳಿದರು: "ನಿಮಗೆ ಏನಾದ್ರೂ ಶಬ್ದ ಕೇಳಿಸತ್ತಾ?"

ನಾನು ಹೆಂಡತಿಯ ಕಡೆ ತಿರುಗಿದೆ. ನನ್ನ ಕಣ್ಣು ನೋಡುವವರಿಗೆ ನನ್ನ ಕಿವಿಯ ಸುದ್ದಿ ಹೇಗೆ ಬಂತು? ಇವಳೋ ತಂಗಿಯೋ ಮೊದಲೇ ಫೋನು ಮಾಡಿ, ಇವನಿಗೆ ತಲೆ ಕೆಟ್ಟಿದೆ, ವಿಚಾರಿಸಿಕೊಳ್ಳಿ ಎಂದು ಹೇಳಿರಬೇಕು.

"ಯಾರು ಹೇಳಿದ್ರು ನಿಮಗೆ?"

"ನಿಮ್ಮ ಕಣ್ಣೇ ಹೇಳ್ತು" ಎಂದು ಡಾಕ್ಟರು ಸ್ಟೆತಾಸ್ಕೋಪು ತೆಗೆದರು. ಎಡಗಣ್ಣು ಮುಚ್ಚಿಸಿ, ರೆಪ್ಪೆಯ ಮೇಲೆ ಅದರ ಬಟ್ಟಲನ್ನು ಮೆತ್ತಗೆ ಇಟ್ಟು, ಉಸಿರು ಹಿಡಿಯಲು ಹೇಳಿದರು. ನನ್ನ ಕೋಲಿನದೇ ಕೆಲಸ. ಅಷ್ಟು ವರ್ಷದಲ್ಲಿ ಯಾರೂ ನನ್ನ ಮೇಲೆ ಕೋಲು ಊರಿರಲಿಲ್ಲ.

"ಷುಯ್ ಷುಯ್ ಅಂತ, ಅಲ್ವಾ?" ಎಂದರು. "ನಿಮ್ಮ ನಾಡಿಯ ಜೊತೆಗೇ."

ಹೆಂಡತಿಯ ಕಿವಿಗೂ ಕೊಟ್ಟರು. ಕೇಳುತ್ತಾ ಕೇಳುತ್ತಾ ಅವಳ ಮುಖ ಬಿಳಿಚಿಕೊಂಡಿತು. "ಅಯ್ಯೋ, ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕಿದ ಹಾಗಾಯ್ತಲ್ಲರೀ" ಎಂದಳು.

ಡಾಕ್ಟರು ಮೊದಲು ನನ್ನ ಕತ್ತಿನ ಮೇಲೂ ಕೇಳಿ, ಆಮೇಲೆ ನಾಡಿ ಬಡಿಯುವಲ್ಲಿ ಎರಡು ಬೆರಳಿಟ್ಟು ಮೆಲ್ಲಗೆ ಅದುಮಿದರು. ಮೂರು ತಿಂಗಳಲ್ಲಿ ಮೊದಲ ಸಲ ಶಬ್ದ ನಿಂತಿತು. ಬೆರಳು ತೆಗೆದರು, ಮತ್ತೆ ಶುರುವಾಯಿತು. ಮನೆಯಲ್ಲಿ ಹೀಗೆ ಅದುಮಿಕೊಳ್ಳಬೇಡಿ, ಅಪಾಯ, ಎಂದೂ ಎಚ್ಚರಿಸಿದರು. ವಾಲ್ವು ಮುಚ್ಚಿದರೆ ಶಬ್ದ ನಿಲ್ಲುವ ಲೈನು ಯಾವುದೆಂದು ಗೊತ್ತಾಯಿತು. ನನ್ನ ಕತ್ತಿನ ಎಡಭಾಗದ್ದು.

"ಹೃದಯದಿಂದ ಬರೋ ರಕ್ತನಾಳದಲ್ಲಿ ಒತ್ತಡ ಜಾಸ್ತಿ. ವಾಪಸ್ ಹೋಗೋ ನಾಳದಲ್ಲಿ ಕಡಿಮೆ. ಕಣ್ಣಿನ ಹಿಂದೆ ಇವೆರಡೂ ಸೇರಬಾರದ ಜಾಗದಲ್ಲಿ ಸೇರ್ಕೊಂಡಿವೆ. ಜೋರಿನ ರಕ್ತ ಮೆತ್ತಗಿನ ನಾಳಕ್ಕೆ ನುಗ್ತಾ ಇದೆ, ಅದು ಹೊರಗೆ ಹೋಗೋಕಾಗದೆ ಕಣ್ಣಿನ ಕಡೆಗೇ ತಿರುಗ್ತಿದೆ. ಅದಕ್ಕೇ ಕೆಂಪು, ಉಬ್ಬು, ಎರಡೆರಡು ಕಾಣೋದು. ಒತ್ತಡ ಹೀಗೇ ಇದ್ರೆ ಕಣ್ಣಿನ ನರ ಸಾಯತ್ತೆ. ಹೋದ ದೃಷ್ಟಿ ವಾಪಸ್ ಬರಲ್ಲ."

ನನಗೆ ಮೊದಲು ಆದದ್ದು ಸಂತೋಷ. ನಾಚಿಕೆಯಿಲ್ಲದೆ ಹೇಳುತ್ತೇನೆ. ಶಬ್ದ ನಿಜವಾಗಿತ್ತು, ನನ್ನ ಕಿವಿ ಸುಳ್ಳು ಹೇಳಿರಲಿಲ್ಲ. ಆಮೇಲೆ ತಂಗಿ ನೆನಪಾದಳು.

ಅವತ್ತು ಮನೆಗೆ ಬಂದಾಗ ಹೆಂಡತಿ ಔಷಧಿ ತರಲು ಅಂಗಡಿಗೆ ಹೋದಳು, ನಾನೊಬ್ಬನೇ ಗೇಟು ತೆಗೆದೆ. ತಂಗಿ ಎರಡು ಕೊಡ ಹಿಡಿದು ಮೆಟ್ಟಿಲು ಹತ್ತುತ್ತಿದ್ದಳು. ಒಂದು ಮೆಟ್ಟಿಲು, ನಿಲ್ಲುವುದು. ಇನ್ನೊಂದು ಮೆಟ್ಟಿಲು, ನಿಲ್ಲುವುದು. ನನ್ನನ್ನು ನೋಡಿದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಷ್ಟರಲ್ಲಿ ಇನ್ನೊಂದು ಯೋಚನೆ ಬಂತು. ತಲೆಯಲ್ಲಿ ಸೋರಿಕೆ ಇದೆ ಎಂದ ಮಾತ್ರಕ್ಕೆ ಮೇಲೆ ಪಂಪು ಇಲ್ಲ ಎಂದಾಯಿತೇ? ಎರಡೂ ಇದ್ದರೆ? ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದಿದ್ದಾರೆ ಹಿರಿಯರು. ತಲೆಯದನ್ನು ಮುಚ್ಚಲಿ, ಶಬ್ದ ಪೂರ್ತಿ ನಿಲ್ಲಲಿ, ಆಗ ಹೇಳಿದರಾಯಿತು. "ಹುಷಾರು, ಮೆಟ್ಟಿಲು ಒದ್ದೆಯಾಗಿದೆ" ಎಂದಷ್ಟೇ ಹೇಳಿ ಒಳಗೆ ಹೋದೆ.

ಸ್ಕ್ಯಾನಿನಲ್ಲಿ ಎಡಗಣ್ಣಿನ ಹಿಂದಿನ ನಾಳ ಬಲಗಡೆಯದಕ್ಕಿಂತ ಮೂರು ಪಟ್ಟು ಊದಿ ಕಾಣಿಸಿತು. ಮುಂದಿನ ಕೆಲಸ ಇನ್ನೊಬ್ಬ ಡಾಕ್ಟರದು, ರಕ್ತನಾಳದೊಳಗೆ ತಂತಿ ಬಿಡುವವರು. ತೊಡೆಯ ಸಂದಿನಲ್ಲಿ ಸಣ್ಣ ತೂತು ಮಾಡಿ, ಅಲ್ಲಿಂದ ತೆಳ್ಳಗಿನ ಕೊಳವೆಯನ್ನು ಕತ್ತಿನ ತನಕ, ಕಣ್ಣಿನ ಹಿಂದಿನ ತನಕ ಒಯ್ಯುತ್ತೇವೆ ಎಂದರು.

"ಕಣ್ಣಿಗೆ ಕಾಯಿಲೆ, ತೊಡೇಲಿ ತೂತಾ?"

"ಪೈಪಿನ ಒಳಗಿಂದಲೇ ಹೋಗೋ ದಾರಿ ಇದ್ರೆ ನೀವು ಮನೆ ನೆಲ ಒಡೀತೀರಾ?" ಎಂದರು ಆ ಡಾಕ್ಟರು. ನನಗೆ ತಂಗಿಯ ಬಚ್ಚಲ ನೆಲ ನೆನಪಾಯಿತು.

ಆದರೂ ಕೇಳುವುದನ್ನು ಕೇಳಿದೆ. ಎಲ್ಲಿ ಸೋರುತ್ತಿದೆ ಎಂದು ಹೇಗೆ ಖಚಿತ ಮಾಡಿಕೊಳ್ಳುತ್ತೀರಿ, ಪಕ್ಕದ ನಾಳ ಮುಚ್ಚಿಹೋದರೆ ಏನು ಗತಿ, ಎಷ್ಟು ಜನರಿಗೆ ಮಾಡಿದ್ದೀರಿ, ಅವರಲ್ಲಿ ಎಷ್ಟು ಜನ ನಡೆದುಕೊಂಡು ಮನೆಗೆ ಹೋದರು. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಮೊದಲು ಬಣ್ಣದ ದ್ರವ ಬಿಟ್ಟು ಎಕ್ಸ್‌ರೇಯಲ್ಲಿ ದಾರಿ ನೋಡುತ್ತೇವೆ. ಆಮೇಲೆ ಅರಿವಳಿಕೆ ಕೊಟ್ಟು, ವಾಪಸ್ ಹೋಗುವ ನಾಳದ ಕಡೆಯಿಂದ ಹೋಗಿ, ಕೂದಲಿನಷ್ಟು ತೆಳ್ಳಗಿನ ಪ್ಲಾಟಿನಂ ಸುರುಳಿಗಳನ್ನು ತುಂಬಿ ಆ ಜಾಗ ಮುಚ್ಚುತ್ತೇವೆ. ಪಾರ್ಶ್ವವಾಯುವಿನ ಅಪಾಯ ಕಡಿಮೆ, ಇಲ್ಲವೇ ಇಲ್ಲ ಎಂದು ಹೇಳಲಾರೆ, ಎಂದರು. ಕೊನೆಯ ಮಾತು ಕೇಳಿ ನನಗೆ ಸಮಾಧಾನವಾಯಿತು. ಅಪಾಯವೇ ಇಲ್ಲ ಎಂದಿದ್ದರೆ ಎದ್ದು ಬರುತ್ತಿದ್ದೆ.

ಬಣ್ಣ ಬಿಟ್ಟಾಗ ನನಗೆ ಎಚ್ಚರವಿತ್ತು. ಕಣ್ಣಿನ ಹಿಂದೆ ಬಿಸಿನೀರು ಸುರಿದ ಹಾಗಾಯಿತು, ಮಿಂಚು ಮಿಂಚು ಕಂಡಿತು. "ಸಿಕ್ತು" ಎಂದು ಯಾರೋ ಹೇಳಿದರು. ಆ ಮಾತು ನಾನು ಬೀದಿಯಲ್ಲಿ ಸಾವಿರ ಸಲ ಹೇಳಿದ್ದು. ಆಮೇಲೆ ನಿದ್ದೆ ಬರಿಸಿದರು.

ಎದ್ದಾಗ ಸಂಜೆ. ಹೆಂಡತಿ ಪಕ್ಕದಲ್ಲಿ ಕೂತಿದ್ದಳು. ನಾನು ಮೈಯೆಲ್ಲ ಕಿವಿಯಾಗಿ ಮಲಗಿದೆ. ಹೊರಗೆ ಗಾಲಿಮಂಚ ತಳ್ಳುವ ಸದ್ದು, ಯಾರದೋ ಕೆಮ್ಮು, ಅಷ್ಟೇ. ತಲೆಯೊಳಗೆ ಏನೂ ಇರಲಿಲ್ಲ. ಕೈಕಾಲು ಆಡಿಸಿ ನೋಡಿದೆ, ಎಲ್ಲವೂ ಆಡಿದವು. ಅತ್ತುಬಿಟ್ಟೆ.

"ನಿಮ್ಮ ತಂಗಿ ಬೆಳಿಗ್ಗೆಯಿಂದ ಹೊರಗೇ ಕೂತಿದ್ಲು. ಡಾಕ್ಟ್ರು ಬಂದು ಮುಚ್ಚಿದೆ ಅಂದ ಮೇಲೆ ಹೋದ್ಲು" ಎಂದಳು ಹೆಂಡತಿ.

"ಯಾಕೆ ಬಂದಿದ್ಲು?"

ಹೆಂಡತಿ ನನ್ನನ್ನು ನೋಡಿದ ರೀತಿಗೆ, ನಾನು ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ನಾಲ್ಕು ದಿನಕ್ಕೆ ಮನೆಗೆ ಕಳಿಸಿದರು. ಒತ್ತಡ ಹತ್ತೊಂಬತ್ತಕ್ಕೆ ಇಳಿದಿತ್ತು. ಕೆಂಪು ಕರಗಲು ಕೆಲವು ವಾರ, ಎರಡೆರಡು ಕಾಣುವುದು ಹೋಗಲು ಕೆಲವು ತಿಂಗಳು ಬೇಕು, ಆದರೆ ಕಣ್ಣು ಉಳಿಯಿತು ಎಂದರು. ತಂಗಿ ಕೊಟ್ಟ ತಿಂಗಳಲ್ಲಿ ಇನ್ನೂ ಎರಡು ದಿನ ಬಾಕಿ ಇತ್ತು. ಬಟ್ಟೆ ಕೂಡ ಬದಲಿಸದೆ, ಎಕ್ಸ್‌ರೇ ಹಾಳೆಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಕಂಬಿ ಹಿಡಿದು ಹದಿನಾರು ಮೆಟ್ಟಿಲು ಹತ್ತಿದೆ.

ಬಾಗಿಲು ತೆಗೆದೇ ಇತ್ತು. ನೂಲು ಒಣಗಿಸುವ ಹಗ್ಗ ಬಿಚ್ಚಿದ್ದಳು. ಗೋಡೆಯ ಪಕ್ಕ ನಾಲ್ಕು ಗಂಟು, ಬಣ್ಣದ ಡಬ್ಬಗಳ ಪೆಟ್ಟಿಗೆ. ತಂಗಿ ಐದನೆಯ ಗಂಟು ಕಟ್ಟುತ್ತಿದ್ದಳು.

"ಕೂತ್ಕೋ ಅಣ್ಣ. ಮೆಟ್ಟಿಲು ಯಾಕೆ ಹತ್ತಿದೆ? ಕರೆದಿದ್ರೆ ನಾನೇ ಬರ್ತಿದ್ದೆ."

"ನೋಡಿಲ್ಲಿ" ಎಂದು ಹಾಳೆಗಳನ್ನು ಕೊಟ್ಟೆ. "ಇದು ಮುಂಚೆ, ಇದು ಆಮೇಲೆ. ಈ ಕಪ್ಪು ಗುಪ್ಪೆ ಇದೆಯಲ್ಲ, ಶಬ್ದ ಅಲ್ಲಿಂದ ಬರ್ತಿತ್ತು. ಈಗ ನಿಂತಿದೆ. ನೀನು ಕಳ್ಳಿ ಅಲ್ಲ. ನಾಳೆನೇ ಕಚೇರಿಗೆ ಬರೆದು ಕೊಟ್ಟು ಸಂಪರ್ಕ ಹಾಕಿಸ್ತೀನಿ. ಗಂಟು ಬಿಚ್ಚು."

ಅವಳು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ನೋಡಿದಳು. "ಕಣ್ಣು ಉಳೀತಲ್ಲ. ಅವತ್ತು ಆಸ್ಪತ್ರೇಲಿ ನನಗೆ ಕೈಕಾಲೇ ಆಡ್ತಿರಲಿಲ್ಲ" ಎಂದಳು. ಹಾಳೆಗಳನ್ನು ಮತ್ತೆ ಲಕೋಟೆಗೆ ಸೇರಿಸಿ ನನ್ನ ಕೈಗೆ ಕೊಟ್ಟಳು. "ಮೊದಲ ದಿನ ಕಣ್ಣಾಸ್ಪತ್ರೆಯಿಂದ ಬಂದಾಗ ಮೆಟ್ಟಿಲ ಹತ್ತಿರ ಸಿಕ್ಕೆಯಲ್ಲ, ನೆನಪಿದೆಯಾ?"

"ಇದೆ."

"ಅತ್ತಿಗೆ ಅಷ್ಟರಲ್ಲೇ ಫೋನ್ ಮಾಡಿ ಹೇಳಿದ್ರು. ಶಬ್ದ ನಿನ್ನ ತಲೆಯೊಳಗೇ ಇದೆ, ಡಾಕ್ಟ್ರಿಗೂ ಕೇಳಿಸ್ತು, ತಮಗೂ ಕೇಳಿಸ್ತು ಅಂತ. ನೀನು ಬರೋದು ನೋಡ್ಕೊಂಡೇ ನಾನು ಕೊಡ ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದೆ. ಬೇಕಂತಲೇ ಒಂದೊಂದೇ ಹತ್ತಿದೆ. ಈಗ ಹೇಳ್ತಾನೆ, ಈಗ ಹೇಳ್ತಾನೆ ಅಂತ. ಯಾಕಣ್ಣ ಹೇಳಲಿಲ್ಲ?"

ಸುಳ್ಳು ಹೇಳಬಹುದಿತ್ತು. ನೋವಿತ್ತು, ತಲೆ ತಿರುಗುತ್ತಿತ್ತು ಎಂದರೆ ನಂಬುತ್ತಿದ್ದಳು. ನಂಬುವ ಜಾತಿ ಅವಳದು. ಅದಕ್ಕೇ ಹೇಳಲು ಬಾಯಿ ಬರಲಿಲ್ಲ.

"ಪೂರ್ತಿ ಖಚಿತ ಆಗ್ಲಿ ಅಂತ" ಎಂದೆ. "ಎರಡೂ ಇದ್ರೆ ಅಂತ ಅನ್ನಿಸ್ತು."

ಅವಳು ತಲೆಯಾಡಿಸಿದಳು. ಕೋಪ ಮಾಡಿಕೊಂಡಿದ್ದರೆ ಕಾಲು ಹಿಡಿಯುತ್ತಿದ್ದೆ.

"ಶಬ್ದ ಕಾಯಿಲೇದು ಅಣ್ಣ, ಅದನ್ನ ಡಾಕ್ಟ್ರು ಮುಚ್ಚಿದ್ರು. ನಾನು ಕದೀತೀನಿ ಅಂತ ನಿನಗೆ ಅನ್ನಿಸಿದ್ದು ಕಾಯಿಲೆಯಿಂದಲ್ಲ. ನಾಳೆ ನಿನಗೆ ಇನ್ನೊಂದೇನೋ ಕೇಳಿಸತ್ತೆ. ಆಗ ನನ್ನ ಹತ್ತಿರ ಹಾಳೆ ಇರಲ್ಲ."

ಹೇಳಲು ನನಗೆ ಇದ್ದ ಒಂದು ಮಾತನ್ನು ಆಗಲೇ ಹೇಳಿ ಮುಗಿಸಿದ್ದೆ, ಅದೂ ಹಾಳೆ ತೋರಿಸಿದ ಮೇಲೆ. ಕೆಳಗೆ ಸಾಮಾನಿನ ಗಾಡಿ ಬಂದು ನಿಂತು ಹಾರ್ನ್ ಮಾಡಿತು. ತಂಗಿ ಕೊನೆಯ ಗಂಟು ಬಿಗಿದು ಎದ್ದಳು. ನಾನೂ ಎದ್ದು ದೊಡ್ಡ ಗಂಟಿಗೆ ಕೈ ಹಾಕಿದೆ.

"ಅದು ಬೇಡ" ಎಂದಳು. "ಭಾರ ಎತ್ತಬಾರದು ಅಂದಿದ್ದಾರಂತೆ. ಇದು ತಗೋ, ಬರೀ ಬಟ್ಟೆ."

ಆ ಚಿಕ್ಕ ಗಂಟನ್ನು ಎದೆಗೊತ್ತಿ ಹಿಡಿದು ನಾನು ಮುಂದೆ ಇಳಿದೆ. ಉಳಿದದ್ದನ್ನೆಲ್ಲ ಅವಳೇ ಹೊತ್ತು ತಂದಳು.